ಕಕ್ಕಸಿನ ಮೆಂಬರು

“ಏಯ್ ಕಕ್ಕಸು, ಎಲ್ಲಿಗೆ ನುಗ್ತಾ ಇದ್ದೀಯ? ಒಳಗೆ ಎಣಿಕೆ ಶುರುವಾಯ್ತಾ ಅದೆ. ಕಸ ಗುಡಿಸೋರು ಆಮೇಕೆ ಬರ್ಬೇಕು.”

ಶಾಲೆಯ ಬಾಗಿಲು ಕಾಯುತ್ತಿದ್ದ ಪುರಸಭೆಯ ಪೊಲೀಸು ಹೀಗೆಂದಾಗ ಮೆಟ್ಟಿಲ ಮೇಲಿದ್ದ ಗಂಡಸರು ತುಟಿಯ ಸಿಗರೇಟು ಉದುರದಂತೆ ಜೋಪಾನವಾಗಿ ನಕ್ಕರು. ದೊನಾತಾ ತರಾಂತಿನಿ ಯಾರೆಂದು ಆ ಪೊಲೀಸಿಗೆ ಚೆನ್ನಾಗಿಯೇ ಗೊತ್ತಿತ್ತು. ಒಂದೇ ಬೀದಿಯವನು. ಅವನ ಮದುವೆಯೂಟದ ಪಾತ್ರೆ ತೊಳೆದವಳು ಅವಳೇ. ಆದರೆ ತಲೆಗೆ ಟೋಪಿ ಬಂದ ಮೇಲೆ ಬೀದಿ ಮರೆಯಬೇಕು, ಆ ಟೋಪಿಯ ಧರ್ಮವೇ ಅದು.

ದೊನಾತಾ ಜೇಬಿನಿಂದ ಉಮೇದುವಾರರ ಬಿಲ್ಲೆ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. ದ್ರಾಕ್ಷಿ ತೋಟದಿಂದ ನೇರ ಬಂದಿದ್ದಳು. ಗೊಂಚಲಿನೊಳಗಿನ ಎಳೆ ಕಾಯಿಗಳನ್ನು ಕಿತ್ತು ಕಿತ್ತು ಬೆರಳ ತುದಿಗಳು ಹಸಿರು ಕಪ್ಪಾಗಿದ್ದವು, ತಲೆಗೆ ಕಟ್ಟಿದ ವಸ್ತ್ರ ಬೆವರಿಗೆ ಅಂಟಿಕೊಂಡಿತ್ತು. ಎಣಿಕೆಯ ದಿನವೆಂದು ಧಣಿ ಕೂಲಿಯವರಿಗೆ ರಜೆ ಕೊಡಲಿಲ್ಲ. ಭಾನುವಾರವೇ ಎಲ್ಲರನ್ನೂ ಬಸ್ಸಿಗೆ ತುಂಬಿ ತಂದು ಓಟು ಹಾಕಿಸಿದ್ದ. ಸೋಮವಾರ ಮೂರಕ್ಕೆ ಪೆಟ್ಟಿಗೆ ಮುಚ್ಚುತ್ತಾರೆ, ಮುಚ್ಚಿದ ಕೂಡಲೇ ಅಲ್ಲೇ ಮೇಜಿನ ಮೇಲೆ ಸುರಿದು ಎಣಿಸುತ್ತಾರೆ. ಅದನ್ನು ಕಣ್ಣಾರೆ ನೋಡಬೇಕೆಂದು ಅವಳು ಅರ್ಧ ದಿನದ ಕೂಲಿ ಬಿಟ್ಟು, ತರಕಾರಿ ಲಾರಿಯೊಂದರ ಹಿಂದೆ ಕೂತು ಊರಿಗೆ ಬಂದಿದ್ದಳು. ಹೊರಟಾಗಿನಿಂದ ಉಚ್ಚೆಗೆ ಅವಸರವಾಗಿತ್ತು.

ಪೊಲೀಸು ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹೋಗವ್ವ ಮೆಂಬರಮ್ಮ” ಎಂದು ದಾರಿ ಬಿಟ್ಟ. ಶಾಲೆಯ ಕಕ್ಕಸು ಎಲ್ಲಿದೆ ಎಂದು ಅವಳು ಕೇಳಿದಳು. ಅದು ಅಧಿಕಾರಿಗಳಿಗೆ ಮಾತ್ರ ಎಂದ. ಗಂಡಸರು ಮತ್ತೆ ನಕ್ಕರು. ಈ ಸಲ ಒಬ್ಬನ ಸಿಗರೇಟು ಬಿತ್ತು.

ಅವಳಿಗೆ ಕಕ್ಕಸು ಎಂಬ ಹೆಸರು ಬಂದದ್ದು ಹೀಗೆ. ಊರ ಚೌಕದಲ್ಲಿ ಹಿಂದಿನ ಕಾಲದ ಒಂದು ಕಲ್ಲಿನ ಕಕ್ಕಸು ಇತ್ತು. ಬೆಳಗಿನ ಜಾವ ತೋಟದ ಬಸ್ಸಿಗೆ ಕಾಯುವ ಹೆಂಗಸರಿಗೆ ಅದೊಂದೇ ಗತಿ. ಚೌಕವನ್ನು ಚೆಂದ ಮಾಡುತ್ತೇವೆಂದು ಪುರಸಭೆಯವರು ನಡುವೆ ಕಾರಂಜಿ ಹಾಕಿ, ಎರಡು ಖರ್ಜೂರದ ಮರ ನೆಟ್ಟು, ಕಕ್ಕಸಿಗೆ ಬೀಗ ಜಡಿದರು. ಚೌಕದ ಕಾಫಿ ಬಾರಿನವನು ಕಾಫಿ ಕೊಂಡವರಿಗೆ ಮಾತ್ರ ತನ್ನ ಕಕ್ಕಸಿನ ಬಾಗಿಲು ತೆಗೆಯುತ್ತಾನೆ, ಅದೂ ಹೆಂಗಸಿನ ಬಟ್ಟೆ ನೋಡಿ. ಆಮೇಲೆ ಎರಡು ತಾಸು ಬಸ್ಸು. ತೋಟದಲ್ಲಿ ಮೇಸ್ತ್ರಿ ಅಸುಂತಾಳನ್ನು ಕೇಳಬೇಕು, ಅವಳು ಈಗಲ್ಲ ಎನ್ನುತ್ತಾಳೆ. ಹೀಗೆ ಕಟ್ಟಿಕೊಂಡೂ ಕಟ್ಟಿಕೊಂಡೂ ದೊನಾತಾಳ ಪಕ್ಕದ ಸಾಲಿನ ಮಿಕೆಲಿನಾಳಿಗೆ ಒಂದು ಮೂತ್ರಪಿಂಡ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಯಾಕಮ್ಮ ಇಷ್ಟು ತಡೆದುಕೊಂಡೆ ಎಂದು ಅವಳನ್ನೇ ಬೈದು ಕಳಿಸಿದರು.

ಇನ್ನು ದೊನಾತಾ ಪುರಸಭೆಯ ಚುನಾವಣೆಗೆ ನಿಂತ ಕಥೆ. ಪ್ರತಿ ಬಣದ ಉಮೇದುವಾರರ ಪಟ್ಟಿಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕೆಂದು ರೋಮಿನಲ್ಲಿ ಕೂತವರು ಕಾನೂನು ಮಾಡಿದ್ದರು. ಮತದಾರ ಚೀಟಿಯಲ್ಲಿ ಆ ಪಟ್ಟಿಯ ಇಬ್ಬರ ಹೆಸರು ಬರೆಯಬಹುದು, ಆದರೆ ಒಂದು ಗಂಡಸಿನದು, ಒಂದು ಹೆಂಗಸಿನದು. ಹೆಣ್ಣುಕುಲ ಉದ್ಧಾರವಾಗಲಿ ಎಂದು ಇದೆಲ್ಲ. ಧಣಿ ಎತ್ತೋರೆ ಕಪೂತಿಗೆ ತನ್ನ ಪಟ್ಟಿ ತುಂಬಲು ಹೆಂಗಸರು ಬೇಕಾಯಿತು. ಬಂಧುಗಳಲ್ಲಿ ಹುಡುಕಿದ, ಸಾಲಲಿಲ್ಲ. ಕೊನೆಗೆ ಕಾರಿನಿಂದ ಇಳಿದು, ಪ್ಲಾಸ್ಟಿಕ್ಕಿನ ಚಪ್ಪರದ ಕೆಳಗೆ ತಲೆ ಬಗ್ಗಿಸಿ ಬಂದು, ಏಣಿಯ ಮೇಲಿದ್ದವಳನ್ನು ಬೆರಳಲ್ಲಿ ತೋರಿಸಿ, “ನೀನು. ನಿನ್ನ ಹೆಸರೇನು?” ಎಂದ. ಅವನ ತೋಟದಲ್ಲಿ ಅವಳು ದುಡಿಯಲು ಶುರು ಮಾಡಿದಾಗ ಅವಳ ಮಗಳು ಹಾಲು ಕುಡಿಯುತ್ತಿದ್ದಳು, ಈಗ ಆ ಮಗಳಿಗೇ ಒಂದು ಮಗು. ಹೆಸರು ಗೊತ್ತಿರಲಿಲ್ಲ, ಇರಲಿ. ಸುಮ್ಮನೆ ರುಜು ಹಾಕು, ಮಿಕ್ಕಿದ್ದು ನಮಗಿರಲಿ ಎಂದು ಹೇಳಿ ಹೋದ.

ಸುಮ್ಮನೆ ರುಜು ಹಾಕಿ ಸುಮ್ಮನಿದ್ದರೆ ಸರಿಯಿತ್ತು. ಇವಳು ಮನೆ ಮನೆಗೆ ಹೋಗಿ ನಿಜವಾಗಿಯೂ ಓಟು ಕೇಳಿದಳು. ಗೆದ್ದರೆ ಚೌಕದ ಕಕ್ಕಸಿನ ಬೀಗ ತೆಗೆಸುತ್ತೇನೆ ಎಂದಳು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬ ರಸ್ತೆ ಅನ್ನುತ್ತಾನೆ, ಇನ್ನೊಬ್ಬ ಕಾಲೇಜು ಅನ್ನುತ್ತಾನೆ, ಇವಳು ಕಕ್ಕಸು! ಪಾದ್ರಿಯವರೂ ಭಾನುವಾರದ ಪ್ರವಚನದ ನಡುವೆ ಕೆಲವರ ಮನಸ್ಸು ಸೊಂಟದ ಮೇಲಕ್ಕೆ ಏರುವುದೇ ಇಲ್ಲ ಎಂದು ಸೂಕ್ಷ್ಮವಾಗಿ ಹೇಳಿದರು. ಅವರ ಮನೆಯಲ್ಲಿ ಎರಡು ಕಕ್ಕಸು ಇದ್ದವು.

ಶಾಲೆಯ ಮೂರನೇ ಕೋಣೆ ದೊನಾತಾಳ ಹಳೇ ಕೇರಿಯವರದು. ತೋಟದ ತಂಡದ ಹೆಂಗಸರೆಲ್ಲ ಓಟು ಹಾಕಿದ್ದು ಅಲ್ಲೇ. ಪುಟ್ಟ ಮಕ್ಕಳ ಬೆಂಚು, ಗೋಡೆ ತುಂಬ ಬಣ್ಣದ ಹಕ್ಕಿಗಳು. ದೊನಾತಾ ಹಿಂದಿನ ಗೋಡೆಗೆ ಒರಗಿ ನಿಂತಳು, ಕೂರು ಎಂದು ಯಾರೂ ಹೇಳಲಿಲ್ಲ. ಎದುರಿಗೆ ಪಟ್ಟಿಯ ಪ್ರತಿನಿಧಿಯಾಗಿ ಧಣಿಯ ಅಕ್ಕನ ಮಗ ಫಾಬ್ರಿತ್ಸಿಯೊ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅವನೂ ಅದೇ ಪಟ್ಟಿಯ ಉಮೇದುವಾರ. ಎಂಟು ವರ್ಷದಿಂದ ವಕೀಲಿಕೆ ಓದುತ್ತಿದ್ದಾನೆ, ವಕೀಲಿಕೆಯೇ ಬೇಸತ್ತು ಅವನನ್ನು ಬಿಟ್ಟಿದೆ. ತೊಡೆಯ ಮೇಲೆ ಒಂದು ಹಾಳೆ, ಕೈಯಲ್ಲಿ ಪೆನ್ಸಿಲು.

ಮೇಜಿನ ಹಿಂದಿನ ಮತಗಟ್ಟೆ ಅಧ್ಯಕ್ಷೆ, ಕನ್ನಡಕದ ಮೇಷ್ಟರಮ್ಮ, ಒಂದೊಂದೇ ಚೀಟಿ ಬಿಡಿಸಿ ಗಟ್ಟಿಯಾಗಿ ಓದತೊಡಗಿದಳು.

“ಕಪೂತಿ, ಮಾರ್ಜೊ.”

ಕಪೂತಿ ಎಂದರೆ ಧಣಿ. ಮಾರ್ಜೊ ಎಂದರೆ ಸಬ್ರೀನಾ ಮಾರ್ಜೊ, ಬಸ್ ನಿಲ್ದಾಣದ ಹಿಂದೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಇಟ್ಟವಳು, ಫಾಬ್ರಿತ್ಸಿಯೊ ಮದುವೆಯಾಗಲಿರುವ ಹುಡುಗಿ, ಅವಳೂ ಅದೇ ಪಟ್ಟಿಯವಳು. ಹಳೇ ಕೇರಿಯ ಒಬ್ಬಳಿಗೂ ಅವಳ ಅಂಗಡಿಯ ಹೊಸಿಲು ಗೊತ್ತಿಲ್ಲ. ಯಾರೋ ಒಬ್ಬಳು ತಪ್ಪಿ ಬರೆದಿರಬೇಕು ಎಂದುಕೊಂಡಳು ದೊನಾತಾ.

“ಕಪೂತಿ, ಮಾರ್ಜೊ. ಕಪೂತಿ, ಮಾರ್ಜೊ. ಕಪೂತಿ, ಮಾರ್ಜೊ.”

ಮೇಷ್ಟರಮ್ಮನ ದನಿ ಜಪದಂತೆ ಸಾಗಿತು. ನಡುನಡುವೆ ವಿರೋಧ ಪಟ್ಟಿಯ ಹೆಸರು ಒಂದೆರಡು ಬರುತ್ತಿದ್ದವು, ಮತ್ತೆ ಕಪೂತಿ, ಮಾರ್ಜೊ. ಪ್ರತಿ ಸಲವೂ ಫಾಬ್ರಿತ್ಸಿಯೊ ಹಾಳೆಯ ಮೇಲೆ ಒಂದು ಗೀರು ಎಳೆದು, ತಲೆಯೆತ್ತದೆ ಮುಗುಳ್ನಗುತ್ತಿದ್ದ. ದೊನಾತಾ ಒಂದೊಂದು ಚೀಟಿಗೂ ಒಂದೊಂದು ಮುಖ ನೆನೆದುಕೊಂಡು ಕಾದಳು. ಇದು ಪಕ್ಕದ ಮನೆಯವಳದು. ಇದು ನನ್ನ ಜೊತೆ ಏಣಿ ಹಿಡಿಯುವವಳದು. ಇದು ಮಿಕೆಲಿನಾಳದು, ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು ಸತ್ತ ತಾಯಿಯ ಆಣೆ ಇಟ್ಟವಳದು. ಯಾವ ಮುಖ ನೆನೆದರೂ ಮೇಷ್ಟರಮ್ಮನ ಬಾಯಿಂದ ಮಾರ್ಜೊ ಎಂದೇ ಬಂತು.

ಕೊನೆಗೆ ಮೇಷ್ಟರಮ್ಮ ಒಂದು ಚೀಟಿಯನ್ನು ಬೆಳಕಿಗೆ ಹಿಡಿದಳು.

“ತರಾಂತಿನಿ. ಒಂದೇ ಹೆಸರು. ಗಂಡಸಿನದು ಬರೆದಿಲ್ಲ.”

ಫಾಬ್ರಿತ್ಸಿಯೊ ಪೆನ್ಸಿಲು ಕೆಳಗಿಟ್ಟು ಹಿಂದಿರುಗಿ ನೋಡಿದ. “ಇದು ಯಾರ ಕೈಬರಹ ಅಂತ ಕೇಳೋದೇ ಬೇಡ. ನಮ್ಮ ಮಾವನ ಹೆಸರು ಬರೆಯೋಕೆ ನಿಂಗೆ ಕೈನೋವಾ? ಅವ್ರ ಅನ್ನ ತಿನ್ನೋಕಾದ್ರೆ ಆಯ್ತದಾ?”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಟ್ಟಿನ ಮತ ಎಂದು ಗೋಡೆಯ ಮೇಲೆ ದೊಡ್ಡದಾಗಿ ಅಂಟಿಸಿದ್ದರು, ಅದರ ಕೆಳಗೇ ಇವನು ಕೂತಿದ್ದ. ದೊನಾತಾಳಿಗೆ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು. ಧಣಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ ಅಷ್ಟಿರಲಿಲ್ಲ. ಸ್ವಂತ ಕೇರಿಯಲ್ಲಿ, ಸ್ವಂತ ತಂಡದಲ್ಲಿ, ತನ್ನ ಹೆಸರು ಬರೆದ ಕೈ ತನ್ನದೊಂದೇ ಎಂಬ ಅವಮಾನವೇ ದೊಡ್ಡದಾಗಿತ್ತು. ಹೊರಟು ಹೋಗೋಣವೆಂದು ಬಾಗಿಲಿಗೆ ಬಂದಳು.

ಮೊಗಸಾಲೆಯಲ್ಲಿ ವಿರೋಧ ಪಟ್ಟಿಯ ಮುದುಕನೊಬ್ಬ ಅವಳನ್ನು ನಿಲ್ಲಿಸಿದ. ಮೇಲಿನ ಮಹಡಿಯಲ್ಲಿ ನಿನ್ನ ಹೆಸರು ಮಳೆ ಸುರಿದ ಹಾಗೆ ಬೀಳುತ್ತಿದೆ, ಇಲ್ಲೇನು ಮಾಡುತ್ತಿದ್ದೀಯ ಎಂದ. ಗೇಲಿ ಮಾಡುತ್ತಿದ್ದಾನೆ ಎಂದುಕೊಂಡಳು. ಆದರೂ ಕಾಲುಗಳು ಕೇಳಲಿಲ್ಲ, ಮೆಟ್ಟಿಲು ಹತ್ತಿದವು.

ಮೇಲಿನ ಕೋಣೆಗಳು ಹೊಸ ಬಡಾವಣೆಯವರದು. ಧಣಿಯ ಪ್ಯಾಕಿಂಗ್ ಶೆಡ್ಡಿನಲ್ಲಿ ದ್ರಾಕ್ಷಿ ಡಬ್ಬಿಗೆ ತುಂಬುವ ನೂರಾರು ಹೆಂಗಸರು ಅಲ್ಲಿನ ಬೆಂಕಿಪೆಟ್ಟಿಗೆ ಮನೆಗಳಲ್ಲಿದ್ದಾರೆ. ದೊನಾತಾ ಬಾಗಿಲಲ್ಲಿ ನಿಲ್ಲುವುದಕ್ಕೂ ಒಳಗಿನ ಅಧ್ಯಕ್ಷ ಓದುವುದಕ್ಕೂ ಸರಿಹೋಯಿತು. ಕಪೂತಿ, ತರಾಂತಿನಿ. ಮತ್ತೆ ಕಪೂತಿ, ತರಾಂತಿನಿ. ಅವನು ಎಂಜಲು ಹಚ್ಚಿ ಚೀಟಿ ಬಿಡಿಸಿದಂತೆಲ್ಲ ಅವಳ ಹೆಸರು. ಪಕ್ಕದ ಕೋಣೆಯಿಂದಲೂ ಅದೇ ಕೇಳುತ್ತಿತ್ತು.

ಅವಳ ಕಣ್ಣು ತುಂಬಿ ಬಂತು. ಈ ಹೆಂಗಸರ ಮನೆಗೆ ಅವಳು ಕಾಲಿಟ್ಟವಳಲ್ಲ, ಒಬ್ಬಳ ಹೆಸರೂ ಗೊತ್ತಿಲ್ಲ. ಆದರೆ ಶೆಡ್ಡಿನಲ್ಲೂ ಕಕ್ಕಸಿನ ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲೇ ಇರುತ್ತದಂತೆ. ಉಚ್ಚೆ ಕಟ್ಟಿಕೊಂಡು ನಿಂತವಳ ಕಷ್ಟ ಉಚ್ಚೆ ಕಟ್ಟಿಕೊಂಡು ನಿಂತವಳಿಗೇ ಗೊತ್ತು, ಮಾತು ಒಬ್ಬರಿಂದ ಒಬ್ಬರಿಗೆ ಹೋಗಿರಬೇಕು ಎಂದುಕೊಂಡಳು. ಕೇರಿಯವರು ಕೈಬಿಟ್ಟರೆ ಏನಂತೆ, ಕಾಣದವರು ಕೈಹಿಡಿದರಲ್ಲ. ಸಂತೋಷಕ್ಕೆ ಅವಸರವೂ ಮರೆತುಹೋಗಿತ್ತು. ಬಾಗಿಲ ಬಳಿ ಶೆಡ್ಡಿನ ಹುಡುಗಿಯೊಬ್ಬಳು ನಿಂತಿದ್ದಳು. ದೊನಾತಾ ಅವಳ ಎರಡೂ ಕೈ ಹಿಡಿದು, ನಿಮ್ಮ ಋಣ ತೀರಿಸ್ತೀನಿ ತಾಯಿ ಎಂದಳು. ಹುಡುಗಿ ಕೈ ಬಿಡಿಸಿಕೊಂಡು ನೆಲ ನೋಡುತ್ತ ಸರಿದುಹೋದಳು. ನಾಚಿಕೆಯ ಹುಡುಗಿ ಪಾಪ, ಎಂದುಕೊಂಡಳು ದೊನಾತಾ.

ಅಂಗಳದ ಮರದ ಕೆಳಗೆ ಮೇಸ್ತ್ರಿ ಅಸುಂತಾ ಮಡಿಲಲ್ಲಿ ಕುರುಕಲು ಇಟ್ಟುಕೊಂಡು ಮೆಲ್ಲುತ್ತ ಕೂತಿದ್ದಳು. ಬಸ್ಸಿನಲ್ಲಿ ಯಾರು ಹತ್ತಬೇಕು, ಯಾರು ಇಳಿಯಬೇಕು ಎಲ್ಲ ಅವಳ ಕೈಯಲ್ಲಿ. ತಾನೂ ಒಂದು ಕಾಲಕ್ಕೆ ಏಣಿ ಹತ್ತಿದವಳೇ, ಈಗ ಏಣಿ ಹತ್ತುವವರ ಹಿಂಬದಿ ಬಡಿಯುತ್ತಾಳೆ. ದೊನಾತಾ ಓಡಿಹೋಗಿ, ಶೆಡ್ಡಿನವರೆಲ್ಲ ನನಗೇ ಹಾಕಿದ್ದಾರೆ ಎಂದು ಹೇಳಿಬಿಟ್ಟಳು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುವಂತಿತ್ತು, ಸಿಕ್ಕಿದ್ದು ಇವಳು.

ಅಸುಂತಾ ಅಗಿಯುವುದು ನಿಲ್ಲಿಸಿದಳು. ಆಮೇಲೆ ನಕ್ಕಳು. ನಕ್ಕೂ ನಕ್ಕೂ ಕೆಮ್ಮು ಬಂದು, ಕುರುಕಲಿನ ಪುಡಿ ಎದೆಯ ಮೇಲೆಲ್ಲ ಉದುರಿತು.

“ನಿಂಗಾ? ನಿಂಗ್ಯಾಕ್ ಹಾಕ್ತಾರಮ್ಮಿ ಅವ್ರು, ನೀನೇನು ಅವ್ರಿಗೆ ಹಡೆದವ್ವನಾ? ಕುರಿ ಮೈಗೆ ಬಣ್ಣ ಬಳೀತಾರಲ್ಲ, ಇದು ಇಂಥೋರ ಹಟ್ಟೀದು ಅಂತ, ಆ ಬಣ್ಣ ಕಣೆ ನೀನು. ಶೆಡ್ಡಿನೋರು ಧಣೇರ ಹೆಸರಿನ ಜತೀಗೆ ನಿನ್ನ ಹೆಸರು ಬರೀಬೇಕು. ತೋಟದೋರು ಸಬ್ರೀನಂದು ಬರೀಬೇಕು, ನಿನ್ ಕಿವಿಗೆ ಬೀಳ್ದಂಗೆ ಒಬ್ಬೊಬ್ರಿಗೇ ಹೇಳಿದ್ದು. ಲಾರಿಯೋರ ಮನೇರಿಗೆ ಇನ್ನೊಬ್ಳು. ಓದೋವಾಗ ಯಾವ ಹಟ್ಟಿ ಕುರಿ ಎಷ್ಟು ಬಂದೊ ಅಂತ ಫಾಬ್ರಿತ್ಸಿಯಪ್ಪಂಗೆ ಗೊತ್ತಾಯ್ತದೆ. ಬಣ್ಣ ಎದ್ದು ನಿಂತ್ಕಂಡು ಕುರಿಯೆಲ್ಲ ನಂದೇ ಅಂದಂಗಾಯ್ತು ನಿನ್ ಕತೆ.”

ದೊನಾತಾ ಕೇಳಿದಳು, ಹಾಗಾದರೆ ತನ್ನ ತಂಡಕ್ಕೆ ತನ್ನ ಹೆಸರನ್ನೇ ಯಾಕೆ ಕೊಡಲಿಲ್ಲ ಎಂದು. ಅಸುಂತಾ ಅವಳನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದಳು. ನಿನ್ನ ತಂಡ ನಿನ್ನ ಹೆಸರು ಬರೆದರೆ, ಧಣಿಯ ಮಾತಿಗೆ ಬರೆದರೊ ನಿನ್ನ ಮೇಲಿನ ಮಮತೆಗೆ ಬರೆದರೊ ತಿಳಿಯುವುದು ಹೇಗೆ? ಈಗ ನೋಡು, ಮೂರನೇ ಕೋಣೆಯಲ್ಲಿ ತರಾಂತಿನಿ ಅಂತ ಬಂದರೆ ಅದು ಹಟ್ಟಿ ತಪ್ಪಿದ ಕುರಿ, ಹಿಡಿಯುವುದು ಸುಲಭ. ಹೀಗೆ ವಿವರಿಸಿ ಅಸುಂತಾ ಮಡಿಲು ಕೊಡವಿಕೊಂಡು ಎದ್ದಳು.

ಕಾನೂನು ಹೆಂಗಸರಿಗೆಂದು ಬಂತು, ಧಣಿಗೆ ಒದಗಿತು. ಮೊದಲೆಲ್ಲ ಪಾಪ ಅವನು ಬಹಳ ಕಷ್ಟಪಡಬೇಕಿತ್ತು, ಓಟಿನ ಕೋಣೆಯಲ್ಲಿ ಫೋಟೊ ತೆಗೆದುಕೊಂಡು ಬನ್ನಿ ಎಂದು ಒಬ್ಬೊಬ್ಬರ ಬೆನ್ನು ಹತ್ತಬೇಕಿತ್ತು. ಈಗ ಸರಕಾರ ನೇಮಿಸಿದ ಮತಗಟ್ಟೆ ಅಧ್ಯಕ್ಷರೇ ಸಂಬಳ ತೆಗೆದುಕೊಂಡು ಗಟ್ಟಿಯಾಗಿ ಲೆಕ್ಕ ಒಪ್ಪಿಸುತ್ತಾರೆ.

ಮಿಕೆಲಿನಾ ಗೇಟಿನ ಹೊರಗೆ ನಿಂತಿದ್ದಳು. ತೋಟದ ಬಸ್ಸು ಆಗಷ್ಟೇ ಬಂದಿತ್ತು. ಗೆಲುವಿಗೆ ಚಪ್ಪಾಳೆ ತಟ್ಟಲು ಎಲ್ಲರೂ ಚೌಕಕ್ಕೆ ಹೋಗಬೇಕೆಂದು ಅಪ್ಪಣೆಯಾಗಿತ್ತು. ದೊನಾತಾಳನ್ನು ನೋಡಿದವಳೇ ಮಿಕೆಲಿನಾ ಬೆನ್ನಿನ ಮೇಲೆ, ಕೊಯ್ದ ಜಾಗದ ಮೇಲೆ ಕೈ ಇಟ್ಟುಕೊಂಡಳು.

“ನಿಮ್ಮವ್ವನ ಆಣೆ ಇಟ್ಟಿದ್ದೆಯಲ್ಲೆ” ಎಂದಳು ದೊನಾತಾ.

“ನಮ್ಮವ್ವ ಸತ್ತವ್ಳೆ ಕಣಕ್ಕ. ನನ್ ಮಗ ಬದುಕವ್ನೆ. ಅವ್ನನ್ನ ಧಣೇರ ಲಾರಿ ಮೇಲಿಂದ ಇಳಿಸ್ಬುಟ್ರೆ ಮನೇಲಿ ಒಲೆ ಉರಿಯಾಕಿಲ್ಲ. ನಿನ್ ಹೆಸರು ಅಂತಾನೇ ಪೆನ್ಸಿಲ್ ಇಟ್ಟೆ. ಇಡ್ತಿದ್ದಂಗೆ ಆ ಫಾಬ್ರಿತ್ಸಿಯನ ಮೂತಿ ಕಾಣುಸ್ತು. ಉಗಿಯಂಗಿದ್ರೆ ಉಗಿ.”

ದೊನಾತಾ ಉಗಿಯಲಿಲ್ಲ. ಉಗಿಯಲು ಬಾಯಲ್ಲಿ ಏನೂ ಇರಲಿಲ್ಲ, ಒಣಗಿಹೋಗಿತ್ತು. ಮನೆಗೆ ಹೋಗಿ ಕದ ಹಾಕಿಕೊಂಡು ಮಲಗಿಬಿಡಬೇಕು ಎಂದುಕೊಂಡು ಗೇಟು ದಾಟುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಬೈಗುಳ ಕೇಳಿಸಿತು. ಫಾಬ್ರಿತ್ಸಿಯೊ ಹಾಳೆ ಹಿಡಿದುಕೊಂಡು ಅಂಗಳದಲ್ಲಿ ಹುಚ್ಚು ಹಿಡಿದವನಂತೆ ಸುತ್ತುತ್ತಿದ್ದ.

ಆದದ್ದು ಇಷ್ಟು. ಧಣಿಯ ಪಟ್ಟಿ ಗೆದ್ದಿತ್ತು, ಹತ್ತು ಸ್ಥಾನ ಬಂದಿತ್ತು. ಪಟ್ಟಿಯೊಳಗೆ ಯಾರಿಗೆ ಹೆಚ್ಚು ಹೆಸರು ಬಿದ್ದಿದೆಯೊ ಆ ಹತ್ತು ಜನ ಮೆಂಬರುಗಳು. ಧಣಿ ತನಗೆ ಬೀಳುವ ಓಟನ್ನು ಮೂರು ತಿಂಗಳಿಂದ ಹಟ್ಟಿ ಹಟ್ಟಿಯಾಗಿ ಎಣಿಸಿದ್ದ. ಪಕ್ಕದಲ್ಲಿ ಬರೆಸಿದ ಹೆಂಗಸರ ಹೆಸರೂ ಓಟೇ, ಅವನ್ನೂ ಸರಕಾರ ಎಣಿಸುತ್ತದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಹೆಂಗಸರನ್ನು ಕೂಲಿ ಕೊಡುವಾಗ ಮಾತ್ರ ಎಣಿಸುವುದು, ಅದೂ ಕಡಿಮೆ ಮಾಡಿ, ಇದು ಆ ಮನೆತನದ ರೂಢಿ. ದೊಡ್ಡ ಹಟ್ಟಿ ಶೆಡ್ಡಿನದು, ಶೆಡ್ಡಿನ ಬಣ್ಣ ದೊನಾತಾ. ದೊನಾತಾ ಪಟ್ಟಿಯಲ್ಲಿ ಮೂರನೆಯವಳು. ತೋಟದ ಬಣ್ಣ ಸಬ್ರೀನಾ, ಅವಳು ಆರನೆಯವಳು. ವಕೀಲನಾಗಲಾರದ ಫಾಬ್ರಿತ್ಸಿಯೊ ಹನ್ನೊಂದನೆಯವನು. ಊರವರಿಗೆಲ್ಲ ಬಲೆ ಬೀಸಿದವರು ತಮ್ಮ ಮನೆ ಕೋಳಿಯನ್ನೇ ಹಿಡಿದಿದ್ದರು.

ಯಾರೋ ಬಂದು ಧಣಿಯವರು ಕರೆಯುತ್ತಿದ್ದಾರೆ ಎಂದರು. ದೊನಾತಾ ಹೋದಳು. ಹೋಗದೆ ಇರಬಹುದಿತ್ತು, ಆದರೆ ಎದೆಯಲ್ಲಿ ಏನೋ ಒಂದು ಎದ್ದು ಕೂತಿತ್ತು. ಬಣ್ಣವೊ ಸುಣ್ಣವೊ, ಮೂರನೆಯವಳು ನಾನು. ಬೀಗ ತೆಗೆಸುವುದಕ್ಕೆ ಮೆಂಬರಾದರೆ ಸಾಕಲ್ಲ.

ಧಣಿಯ ಮನೆ ಚೌಕಕ್ಕೆ ಮುಖ ಮಾಡಿಯೇ ಇದೆ. ಮಹಡಿಯ ಹಜಾರದಲ್ಲಿ ಊರಿನ ದೊಡ್ಡವರೆಲ್ಲ ಕೂಡಿದ್ದರು, ಗಾಜಿನ ಲೋಟಗಳಲ್ಲಿ ನೊರೆ ಉಕ್ಕುತ್ತಿತ್ತು. ಪಾದ್ರಿಯವರು ಬೆಣ್ಣೆ ಬಿಸ್ಕತ್ತಿನ ತಟ್ಟೆಯ ಹತ್ತಿರ ಭದ್ರವಾಗಿ ನಿಂತಿದ್ದರು. ಕೆಳಗೆ ಬ್ಯಾಂಡು ಬಾರಿಸುತ್ತಿತ್ತು. ಸಬ್ರೀನಾ ಅತ್ತು ಕೆಂಪಾದ ಕಣ್ಣಿಗೆ ಮತ್ತೆ ಕಪ್ಪು ಬಳಿಯುತ್ತಿದ್ದಳು. ಗೆದ್ದದ್ದಕ್ಕೆ ಫಾಬ್ರಿತ್ಸಿಯೊ ಅವಳಿಗೆ ಹೊಡೆದಿದ್ದನಂತೆ.

ಎತ್ತೋರೆ ಕಪೂತಿ ದೊನಾತಾಳನ್ನು ಅಂಗೈಯಿಂದ ಹತ್ತಿರ ಕರೆದ. ಸಿಟ್ಟಿರಲಿಲ್ಲ, ಕಾಲಿಗೆ ಮುಳ್ಳು ಚುಚ್ಚಿದರೆ ಯಾರು ಸಿಟ್ಟಾಗುತ್ತಾರೆ, ತೆಗೆದು ಬಿಸಾಕಿದರಾಯಿತು. ಒಂದು ಸಣ್ಣ ತಪ್ಪಾಗಿದೆ ಎಂದ. ಹೆಸರು ಘೋಷಣೆಯಾದ ಕೂಡಲೇ ನೀನು ಪುರಸಭೆಗೆ ಹೋಗಿ ರಾಜೀನಾಮೆ ಕೊಡಬೇಕು, ನೀನೇ ಖುದ್ದಾಗಿ ಕೊಡಬೇಕಂತೆ, ಬೇರೆಯವರು ಕೊಟ್ಟರೆ ನಡೆಯುವುದಿಲ್ಲವಂತೆ, ಆಮೇಲೆ ನಿನ್ನ ಜಾಗಕ್ಕೆ ಹುಡುಗ ಬರುತ್ತಾನೆ. ಈಗ ಬಾಲ್ಕನಿಗೆ ಬಂದು ಜನರ ಮುಂದೆ ಒಂದು ಮಾತು ಹೇಳಿಬಿಡು, ನಾನು ಓದಿಲ್ಲದವಳು, ಯುವಕರಿಗೆ ದಾರಿ ಬಿಡುತ್ತೇನೆ ಅಂತ. ಸಬ್ರೀನಾಳನ್ನು ಇಳಿಸಿದರೆ ಮದುವೆ ಮುರಿಯುತ್ತದೆ. ದೊನಾತಾಳನ್ನು ಇಳಿಸಿದರೆ ಏನೂ ಮುರಿಯುವುದಿಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

“ಬುದ್ದಿ, ಚೌಕದ ಕಕ್ಕಸಿನ ಬೀಗ ತೆಗೆಸ್ಕೊಡ್ತೀರಾ?” ಎಂದಳು ದೊನಾತಾ.

ಹಜಾರವೆಲ್ಲ ಘೊಳ್ಳೆಂದಿತು. ಧಣಿಯೂ ನಕ್ಕ, ಕಣ್ಣೊರೆಸಿಕೊಂಡ.

“ನೋಡಮ್ಮ, ಆ ಕಾರಂಜಿ ನೋಡೋಕೆ ದೂರದಿಂದ ಜನ ಬರ್ತಾರೆ. ಅದರ ಪಕ್ಕ ನಿಮ್ಮ ವಾಸನೆ ಯಾಕೆ? ದನ ಕರು ಹೊಲದಲ್ಲಿ ಮಾಡ್ತವೆ, ನೀವೂ ಹೊಲದಲ್ಲೇ ಮಾಡ್ತಾ ಬಂದೋರು. ರಾಜೀನಾಮೆ ಕೊಡು, ನಿನ್ನೊಬ್ಬಳಿಗೆ ಬೇಕಾದರೆ ತೋಟದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇಡಿಸ್ತೀನಿ. ನಿನ್ನ ಹೆಸರೂ ಬರೆಸ್ತೀನಿ ಅದರ ಮೇಲೆ.”

ಮತ್ತೆ ನಗು. ಮಗಳೇ, ವಿನಯಕ್ಕಿಂತ ದೊಡ್ಡ ಸಂಪತ್ತಿಲ್ಲ ಎಂದರು ಪಾದ್ರಿಯವರು ಬಿಸ್ಕತ್ತು ನುಂಗುತ್ತ.

“ಕೊಡಾಕಿಲ್ಲ” ಎಂದಳು ದೊನಾತಾ.

ಕೇಳಿಸಲಿಲ್ಲವೇನೊ ಎಂಬಂತೆ ಧಣಿ ಕಿವಿ ಮುಂದೆ ಮಾಡಿದ.

“ರಾಜೀನಾಮೆ ಕೊಡಾಕಿಲ್ಲ ಬುದ್ದಿ. ನೀವೇ ಬರೆಸಿದ್ರಿ ನನ್ ಹೆಸರ, ಒಬ್ಬೊಬ್ರ ಕೈಲಿ ಹೇಳಿ ಹೇಳಿ. ಅಳಿಸೋ ರಬ್ಬರು ನಿಮ್ತಾವ ಇಲ್ಲ.”

ಈಗ ಅವನಿಗೆ ಸಿಟ್ಟು ಬಂತು. ಎದ್ದು ಬಾಲ್ಕನಿಯ ಬಾಗಿಲಿಗೆ ಹೋಗಿ, ಕೆಳಗಿದ್ದ ಅಸುಂತಾಳಿಗೆ ಕೇಳುವಂತೆ, ಇಡೀ ಚೌಕಕ್ಕೆ ಕೇಳುವಂತೆ ಕೂಗಿದ. ಈ ಹಡಬೆಗೆ ನಾಳೆಯಿಂದ ಬಸ್ಸಿಲ್ಲ. ಇವಳ ಜೊತೆ ಮಾತಾಡಿದವಳಿಗೂ ಬಸ್ಸಿಲ್ಲ. ಬೇರೆ ತೋಟದವರಿಗೂ ಹೇಳಿಕಳಿಸುತ್ತೇನೆ, ಈ ತಾಲೂಕಿನಲ್ಲಿ ಯಾರ ಏಣಿಯನ್ನೂ ಇವಳು ಮುಟ್ಟಕೂಡದು.

ದೊನಾತಾ ಮೆಟ್ಟಿಲಿಳಿದು ಹೊರಗೆ ಬರುವ ಹೊತ್ತಿಗೆ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಸಂಜೆಯ ಬಿಸಿಲು ಚೌಕದ ಕಲ್ಲುಹಾಸಿನ ಮೇಲೆ ಇನ್ನೂ ಉರಿಯುತ್ತಿತ್ತು. ಚಪ್ಪಾಳೆಗೆಂದು ಸಾಲಾಗಿ ನಿಲ್ಲಿಸಿದ್ದ ಹೆಂಗಸರು, ತೋಟದವರು, ಶೆಡ್ಡಿನವರು, ಅವಳಿಗೆ ದಾರಿ ಬಿಟ್ಟು ಹಿಂದೆ ಸರಿದರು. ಸಿಡುಬು ಬಂದವಳಿಗೆ ಬಿಟ್ಟಷ್ಟು ಅಗಲ ದಾರಿ. ಬೆಳಿಗ್ಗೆವರೆಗೆ ಅವಳ ಜೊತೆ ರೊಟ್ಟಿ ಹಂಚಿಕೊಂಡು ತಿಂದವರೂ ಅವರಲ್ಲಿದ್ದರು. ಅವಳಿಗೆ ಅವರ ಮೇಲೂ ಅಸಹ್ಯ ಬಂತು, ಈ ಇಡೀ ಊರಿನ ಮೇಲೆ ಅಸಹ್ಯ ಬಂತು. ಜೊತೆಗೆ ಮಧ್ಯಾಹ್ನದಿಂದ ಕಟ್ಟಿಕೊಂಡಿದ್ದು ಕಿಬ್ಬೊಟ್ಟೆಯಲ್ಲಿ ಕಲ್ಲಾಗಿ ಒತ್ತುತ್ತಿತ್ತು.

ಕಲ್ಲಿನ ಕಕ್ಕಸಿನ ತನಕ ಹೋದಳು. ಬೀಗ ಹಿಡಿದು ಎಳೆದಳು. ತುಕ್ಕು ಅಂಗೈಗೆ ಹತ್ತಿತೇ ವಿನಾ ಬೀಗ ಅಲುಗಲಿಲ್ಲ. ಹತ್ತಿರದಲ್ಲಿದ್ದ ಗಂಡಸೊಬ್ಬ, “ಮೆಂಬರಮ್ಮ, ಅರ್ಜಿ ಕೊಡಿ” ಎಂದ.

ದೊನಾತಾ ತಿರುಗಿ ನಡೆದಳು. ಚೌಕದ ನಡುವಿಗೆ, ಕಾರಂಜಿಯ ಮುಂದಕ್ಕೆ, ನೇರವಾಗಿ ಧಣಿಯ ಬಾಲ್ಕನಿಯ ಕೆಳಕ್ಕೆ. ಮೇಲೆ ಧಣಿ, ಪಾದ್ರಿ, ಫಾಬ್ರಿತ್ಸಿಯೊ, ಸಬ್ರೀನಾ ಎಲ್ಲ ಲೋಟ ಹಿಡಿದು ನಿಂತಿದ್ದರು. ತಲೆಯೆತ್ತಿ ಅವರನ್ನು ಒಮ್ಮೆ ನೋಡಿದಳು. ಲಂಗ ಎತ್ತಿ ಕುಕ್ಕುರುಗಾಲಲ್ಲಿ ಕೂತಳು.

ಬ್ಯಾಂಡಿನ ಒಂದೊಂದೇ ವಾದ್ಯ ದಾರಿ ತಪ್ಪಿ ನಿಂತಿತು. ಹೆಂಗಸರ ಸಾಲಿನಿಂದ ಅಯ್ಯೋ ಅವ್ವಾ ಎಂದಿತು ಯಾವುದೋ ದನಿ. ಶಾಲೆಯ ಬಾಗಿಲಲ್ಲಿದ್ದ ಅದೇ ಪೊಲೀಸು ಸೀಟಿ ಊದುತ್ತ, ಟೋಪಿ ಹಿಡಿದುಕೊಂಡು ಓಡಿಬರತೊಡಗಿದ. ದೊನಾತಾಳಿಗೆ ಉಚ್ಚೆ ಬರಲಿಲ್ಲ. ಇಷ್ಟು ಕಣ್ಣುಗಳ ನಡುವೆ ಮೈ ಹೆಪ್ಪುಗಟ್ಟಿತ್ತು. ಎಲ್ಲರೆದುರಿಗೆ ಬರಿದೇ ಕೂತ ಹುಚ್ಚಿಯಾಗಿ ಮುಗಿದುಹೋದೆನಲ್ಲ ಎಂದು ಅವಳು ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಪೊಲೀಸು ಕಾಣಲಿಲ್ಲ. ಒಂದು ಜೋಡಿ ಕಾಲು ಕಾಣಿಸಿತು. ತೋಟದ ಮಣ್ಣು ಮೆತ್ತಿದ ಚಪ್ಪಲಿ, ಉಬ್ಬಿದ ನರ, ಹಸಿರು ಕಲೆಯ ಲಂಗ. ಅವಳಿಗೆ ಬೆನ್ನು ಮಾಡಿ ನಿಂತು, ಸೊಂಟದ ಮೇಲೆ ಕೈ ಒತ್ತಿಕೊಂಡು ಮಿಕೆಲಿನಾ ಪ್ಲಾಸ್ಟಿಕ್ಕಿನ ಚಪ್ಪರದ ಕೆಳಗೆ ಎಷ್ಟೋ ಸಲ ಅವಳಿಗೆ ಮರೆಯಾಗಿ ನಿಂತಂತೆಯೇ ನಿಂತಿದ್ದಳು.

“ಅತ್ಲಾಗ್ ತಿರುಗೋ ಬಡ್ಡೀಮಗನೆ. ನಿಮ್ಮವ್ವ ಕೂತ್ಕಂಡು ಉಯ್ಯಾಕಿಲ್ವಾ?” ಎಂದಳು ಪೊಲೀಸಿಗೆ.

ಆಮೇಲೆ ಇನ್ನೊಂದು ಜೋಡಿ ಕಾಲು ಬಂತು. ಮತ್ತೊಂದು. ಇಡೀ ಸಾಲು ಬರಲಿಲ್ಲ, ಐದಾರು ಜನ ಬಂದರು. ಅದರಲ್ಲೊಂದು ಜೊತೆ ಶೆಡ್ಡಿನ ಬಿಳಿ ರಬ್ಬರ್ ಬೂಟು. ಲಂಗಗಳು ಒಂದಕ್ಕೊಂದು ತಾಗಿ ಸುತ್ತಲೂ ಗೋಡೆಯಾದವು. ಆ ಗೋಡೆಯೊಳಗೆ ಬೆವರಿನ, ದ್ರಾಕ್ಷಿ ಎಲೆಯ, ಔಷಧಿ ಪುಡಿಯ ವಾಸನೆ ತುಂಬಿತು. ದೊನಾತಾಳ ಮೈ ಸಡಿಲವಾಯಿತು.

ಮೇಲೆ ಬಾಲ್ಕನಿಯಲ್ಲಿ ಫಾಬ್ರಿತ್ಸಿಯೊ ಹಾಳೆಯ ಹಿಂಬದಿಯಲ್ಲಿ ಅವಸರವಸರವಾಗಿ ಬರೆದುಕೊಳ್ಳುತ್ತಿದ್ದಾನೆ, ಒಬ್ಬೊಬ್ಬರ ಮುಖ ನೋಡಿ ಹೆಸರು ಕೇಳುತ್ತಿದ್ದಾನೆ ಎಂದು ಯಾರೋ ಪಿಸುಗುಟ್ಟಿದರು. ಗೋಡೆ ಒಮ್ಮೆ ಅಲುಗಿತು. ಒಂದು ಜೋಡಿ ಕಾಲು ಹಿಂದೆ ಸರಿಯಿತು, ಹಾಗೇ ಹೊರಟುಹೋಯಿತು. ಆ ಸಂದಿನಲ್ಲಿ ಮಿಕ್ಕವರು ಒತ್ತಿ ನಿಂತರು.

ಮಿಕೆಲಿನಾ ಮುಖ ಮೇಲೆತ್ತಿದಳು.

“ಮಿಕೆಲಿನಾ ಕ್ವರಾಂತಾ” ಎಂದಳು, ಗಟ್ಟಿಯಾಗಿ, ಮೇಷ್ಟರಮ್ಮ ಓದಿದಷ್ಟೇ ಸ್ಪಷ್ಟವಾಗಿ. “ಬರ್ಕೊ. ಹಳೇ ಕೇರಿ. ಮೂರ್ನೇ ಕೋಣೆ.”

ಆಮೇಲೆ ಬಿಳಿ ಬೂಟಿನವಳು ತನ್ನ ಹೆಸರು ಹೇಳಿದಳು. ಅವಳ ಪಕ್ಕದವಳು ಹೇಳಿದಳು. ಆ ಕಡೆಯವಳು ಹೇಳಲೋ ಬೇಡವೋ ಎಂದು ಬಾಯಿ ತೆರೆದು ನಿಂತಿದ್ದಳು. ಕೆಳಗೆ ಬಿಸಿ ಕಲ್ಲುಹಾಸಿನ ಸಂದುಗಳಲ್ಲಿ ದೊನಾತಾಳ ಉಚ್ಚೆ ಹಬೆಯಾಡುತ್ತ ಕಾರಂಜಿಯ ಕಡೆಗೆ ಹರಿಯುತ್ತಿತ್ತು.